ಆಹಾರ ಸಂಸ್ಕರಣಾ ಘಟಕಗಳಿಗೆ ತಂತಿ ಜಾಲರಿಯ ಕನ್ವೇಯರ್ ಬೆಲ್ಟ್: ಆಯ್ಕೆಯ ವಿವೇಚನೆ

(ಬೆಂಗಳೂರು ಪೂರ್ವ ತಾಲ್ಲೂಕಿನ ಬೇಕರಿ ಘಟಕಗಳ ಮಾಲೀಕರು ಹಾಗೂ ಸಂಜೀವಿನಿ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಕೃಷ್ಣರಾಜಪುರದಲ್ಲಿ ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸಾಲದ ಅರ್ಜಿಗೆ ಲಗತ್ತಿಸುವ ಯೋಜನಾ ವರದಿಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ಅವುಗಳಲ್ಲಿ ಓವನ್ನಿನ ವರ್ಣನೆ ಎರಡು ಮೂರು ಪುಟ ಇರುತ್ತದೆ. ಬರ್ನರ್ ಎಷ್ಟು, ಹೊರಗವಚ ಯಾವುದು, ಫಲಕದ ಮೇಲೆ ಎಷ್ಟು ದೀಪಗಳಿವೆ ಎಂಬುದೆಲ್ಲ ಇರುತ್ತದೆ. ಬೆಲ್ಟಿಗೆ ಮಾತ್ರ ಒಂದೇ ಸಾಲು: 'ಎಸ್.ಎಸ್. ಮೆಶ್ ಬೆಲ್ಟ್, 1 ಸೆಟ್'. ಓವನ್ನಿನ ಗೋಡೆ, ಬರ್ನರು, ಮೋಟರು ಇವಾವುವೂ ಆಹಾರವನ್ನು ಮುಟ್ಟುವುದಿಲ್ಲ. ಹಸಿಹಿಟ್ಟು ಒಳಹೋದ ಕ್ಷಣದಿಂದ ಬೆಂದ ಬಿಸ್ಕತ್ತು ಹೊರಬರುವವರೆಗೆ ಅದನ್ನು ಮುಟ್ಟಿಕೊಂಡಿರುವುದು ಆ ಒಂದು ಸಾಲಿನ ಬೆಲ್ಟು ಮಾತ್ರ. ಈ ದಿನ ನಾನು ಮಾತನಾಡಬೇಕೆಂದಿರುವುದು ಆ ಒಂದು ಸಾಲಿನ ಬಗ್ಗೆ.

ನಮ್ಮ ಭಾಗಕ್ಕೆ ಬೇಕರಿ ಹೊಸದಲ್ಲ. 1809ರಲ್ಲಿ ದಂಡು ಇಲ್ಲಿ ನೆಲೆಯೂರಿದಾಗಲೇ ಬ್ರೆಡ್ಡಿನ ಬೇಡಿಕೆಯೂ ನೆಲೆಯೂರಿತು. 1902ರಲ್ಲಿ ಆರಂಭವಾಗಿ ಇಂದು ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿರುವ ಆಲ್ಬರ್ಟ್ ಬೇಕರಿಯನ್ನು ತಾವೆಲ್ಲ ಬಲ್ಲಿರಿ. ಅತ್ತ ಪೇಟೆಯಲ್ಲಿ 1898ರಷ್ಟು ಹಿಂದೆಯೇ ಅಯ್ಯಂಗಾರ್ ಬೇಕರಿಗಳ ಪರಂಪರೆ ಶುರುವಾಗಿತ್ತು. ಇಟ್ಟಿಗೆಯ ಕಮಾನಿನ ಭಟ್ಟಿ, ಒಳಗೆ ಸೌದೆ, ಉದ್ದ ಹಿಡಿಯ ಮರದ ಹಲಗೆ: ಇಷ್ಟರಲ್ಲಿಯೇ ಶಿವಾಜಿನಗರ, ಹಲಸೂರುಗಳ ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ರಸ್ಕುಗಳು ಹೆಸರು ಗಳಿಸಿದವು. ಭಟ್ಟಿಯ ಯಾವ ಮೂಲೆಯಲ್ಲಿ ಕಾವು ಹೆಚ್ಚು, ಯಾವ ತಟ್ಟೆಯನ್ನು ಯಾವಾಗ ತಿರುಗಿಸಿಡಬೇಕು ಎಂಬುದು ಹಲಗೆ ಹಿಡಿದವನ ಕಣ್ಣಿಗೆ ಗೊತ್ತಿತ್ತು. ಸುರಂಗ ಓವನ್ನಿನಲ್ಲಿ ಆ ಹಲಗೆಯ ಜಾಗಕ್ಕೆ ಬೆಲ್ಟು ಬಂದಿದೆ, ಕಣ್ಣು ಮಾತ್ರ ಬಂದಿಲ್ಲ. ಆದುದರಿಂದ ಆ ವಿವೇಚನೆಯನ್ನೆಲ್ಲ ಬೆಲ್ಟನ್ನು ಕೊಳ್ಳುವಾಗಲೇ ಮಾಡಿ ಮುಗಿಸಬೇಕಾಗುತ್ತದೆ.

ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆಗಾಗಿ 2020ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಯೋಜನೆಯಲ್ಲಿ, ಅಂದರೆ ನಾವು ಪಿಎಂಎಫ್‌ಎಂಇ ಎಂದು ಕರೆಯುವ ಯೋಜನೆಯಲ್ಲಿ, ಬೆಂಗಳೂರು ನಗರ ಜಿಲ್ಲೆಗೆ ಗೊತ್ತುಪಡಿಸಿದ ಉತ್ಪನ್ನ ಬೇಕರಿ ತಿನಿಸುಗಳೇ ಆಗಿವೆ. ಕೇಂದ್ರದ ಶೇಕಡ 35ರ ಸಹಾಯಧನಕ್ಕೆ ನಮ್ಮ ರಾಜ್ಯವು ಶೇಕಡ 15ನ್ನು ಸೇರಿಸಿ, ಒಟ್ಟು ಶೇಕಡ 50ರಷ್ಟನ್ನು, ಗರಿಷ್ಠ 15 ಲಕ್ಷ ರೂಪಾಯಿಯವರೆಗೆ ನೀಡುತ್ತಿರುವ ವಿಷಯವನ್ನು ಕೆಪೆಕ್ ಸಂಸ್ಥೆಯವರು ತಮಗೆ ತಿಳಿಸಿರುತ್ತಾರೆ. ಅದನ್ನು ನಾನು ಪುನಃ ವಿವರಿಸುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು: ಅರ್ಧ ಹಣ ಸರ್ಕಾರದ್ದೆಂಬ ಧೈರ್ಯದಲ್ಲಿ ಬೇಡದ ಯಂತ್ರವನ್ನು ಕೊಂಡವರನ್ನು ನಾನು ನೋಡಿದ್ದೇನೆ. ಉಳಿದ ಅರ್ಧ ಸಾಲವೇ ಆಗಿರುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ: ತಮಗೆ ಬೆಲ್ಟು ಬೇಕೇ? ಲೆಕ್ಕ ಹಾಕಿ ನೋಡೋಣ. ಒಂದು ಸಣ್ಣ ಸುರಂಗ ಓವನ್ನಿನ ಕಾವಿನ ಭಾಗ 9 ಮೀಟರ್ ಉದ್ದವಿದೆ ಎನ್ನಿ. ಬಿಸ್ಕತ್ತು ಬೇಯಲು 6 ನಿಮಿಷ ಬೇಕಾದರೆ ಬೆಲ್ಟು ನಿಮಿಷಕ್ಕೆ ಒಂದೂವರೆ ಮೀಟರ್ ಚಲಿಸಬೇಕು. ಹಿಟ್ಟು ಹರಡುವ ಅಗಲ 60 ಸೆಂಟಿಮೀಟರ್. ಒಂದು ಚದರ ಮೀಟರಿನಲ್ಲಿ 8 ಗ್ರಾಂ ತೂಕದ 250 ಬಿಸ್ಕತ್ತುಗಳನ್ನು ಜೋಡಿಸಿದರೆ ಎರಡು ಕಿಲೋ ಆಯಿತು. ನಿಮಿಷಕ್ಕೆ 0.9 ಚದರ ಮೀಟರ್, 1.8 ಕಿಲೋ; ಗಂಟೆಗೆ 108 ಕಿಲೋ ಹಸಿಹಿಟ್ಟು. ತಮ್ಮ ಸಂಘ ದಿನಕ್ಕೆ 40 ಕಿಲೋ ಮಾರುತ್ತಿದ್ದರೆ ಈ ಓವನ್ನು ಅರ್ಧ ಗಂಟೆಯೂ ದುಡಿಯುವುದಿಲ್ಲ, ಆದರೆ ಕಾಯುವುದಕ್ಕೆ ಬೇಕಾದ ಇಂಧನವನ್ನು ಮಾತ್ರ ಪೂರ್ತಿಯಾಗಿ ಬೇಡುತ್ತದೆ. ಅಂಥವರಿಗೆ ತಟ್ಟೆಗಳನ್ನು ಜೋಡಿಸಿದ ಗಾಡಿ ಒಳಗೆ ತಿರುಗುವ ರೋಟರಿ ಓವನ್ನೇ ಸಾಕು. ಹೀಗೆ ಹೇಳುವುದರಿಂದ ಯಂತ್ರ ಮಾರುವ ಮಿತ್ರರಿಗೆ ನನ್ನ ಮೇಲೆ ಬೇಸರವಾಗಬಹುದು. ಸೋದರಿಯರು ಮಾತ್ರ ಈ ಲೆಕ್ಕವನ್ನು ತಮ್ಮ ಅಂಕಿಗಳಿಂದ ಮಾಡಿ ನೋಡದೆ ಸಹಿ ಹಾಕಬಾರದು.

ಬೆಲ್ಟು ಬೇಕೆಂದು ನಿಶ್ಚಯವಾದವರು ಮಾರಾಟಗಾರನ ಪಟ್ಟಿಯನ್ನು ಬದಿಗಿಟ್ಟು, ತಮ್ಮದೇ ಬಿಸ್ಕತ್ತೊಂದನ್ನು ಮಗುಚಿ ಅದರ ತಳವನ್ನು ನೋಡಬೇಕು. ಯಾವ ಜಾಲರಿ ಬೇಕೆಂಬುದು ಅಲ್ಲಿಯೇ ಕಾಣುತ್ತದೆ.

ಕೊಬ್ಬು ಕಡಿಮೆಯಿರುವ, ಗಟ್ಟಿಯಾಗಿ ಕಲಸಿ ತೆಳುವಾಗಿ ಲಟ್ಟಿಸುವ ಮಾರಿ ಮತ್ತು ಕ್ರ್ಯಾಕರ್ ಜಾತಿಯ ಬಿಸ್ಕತ್ತುಗಳಲ್ಲಿ ಬೇಯುವಾಗ ಹಬೆ ಕೆಳಗಿನಿಂದಲೂ ಹೊರಹೋಗಬೇಕು. ಹೋಗದಿದ್ದರೆ ತಳ ಉಬ್ಬಿ ಬಟ್ಟಲಿನಂತಾಗುತ್ತದೆ. ಅವಕ್ಕೆ ತೆರವುಳ್ಳ ಜಾಲರಿ ಬೇಕು. ನಾನ್‌ಖಟಾಯಿ, ಬೆಣ್ಣೆ ಬಿಸ್ಕತ್ತುಗಳ ಸ್ವಭಾವ ಇದಕ್ಕೆ ವಿರುದ್ಧ. ಕಾವು ತಗುಲಿದೊಡನೆ ಅವುಗಳ ಕೊಬ್ಬು ಕರಗಿ ಹಿಟ್ಟು ಹರಡುತ್ತದೆ. ತೆರವು ದೊಡ್ಡದಿದ್ದರೆ ಹಿಟ್ಟು ಕಂಡಿಗಳೊಳಗೆ ಇಳಿದು, ತಂತಿಯನ್ನು ಅಪ್ಪಿಕೊಂಡು ಬೇಯುತ್ತದೆ. ತುದಿಯಲ್ಲಿ ಬಿಡಿಸುವಾಗ ತಳ ಅಲ್ಲಿಯೇ ಉಳಿಯುತ್ತದೆ. ಇಂಥವಕ್ಕೆ ಒತ್ತೊತ್ತಾಗಿ ನೇಯ್ದ ಕಾಂಪೌಂಡ್ ಜಾಲರಿಯೋ, ಜಾಲರಿಯೇ ಅಲ್ಲದ ಉಕ್ಕಿನ ತಗಡಿನ ಬೆಲ್ಟೋ ಆಗಬೇಕು. ರಸ್ಕಿನದು ಸುಲಭ: ಅದು ಆಗಲೇ ಬೆಂದ ಬ್ರೆಡ್ಡಿನ ಹೋಳು, ಅದಕ್ಕೆ ಬೇಕಾದುದು ಕೆಳಗಿನಿಂದ ಬಿಸಿಗಾಳಿ. ಸಾಧಾರಣ ತೆರವಿನ ಜಾಲರಿ ಸಾಕಾಗುತ್ತದೆ. ಖಾರಾ ಬಿಸ್ಕತ್ತಿನ ಪದರಗಳಿಂದ ಕೊಬ್ಬು ಸೋರುವುದರಿಂದ ನಮ್ಮವರು ಅದನ್ನು ತಟ್ಟೆಯಲ್ಲಿಯೇ ಬೇಯಿಸುತ್ತಾರೆ. ತಟ್ಟೆಯನ್ನೇ ಬೆಲ್ಟಿನ ಮೇಲಿಡುವವರು ನೇಯ್ಗೆಯ ನಯಕ್ಕೆ ಹಣ ಸುರಿಯಬೇಕಾದ್ದಿಲ್ಲ. ಎರಡು ಅಂಚಿಗೂ ಸರಪಳಿ ಇರುವ, ಬಲವಾದ ಅಡ್ಡಕಂಬಿಯ ಜಾಲರಿಯನ್ನು ಕೇಳಬೇಕು. ನಿಪ್ಪಟ್ಟು, ಚಕ್ಕುಲಿ ಕರಿಯುವ ಘಟಕಗಳಲ್ಲಿ ಬೆಲ್ಟಿನ ಮುಖ್ಯ ಕೆಲಸ ಎಣ್ಣೆ ಸೋರಿಸುವುದು. ಅಲ್ಲಿ ಏಣಿಯ ಹಾಗೆ ಅಡ್ಡತಂತಿಗಳಷ್ಟೇ ಇರುವ, ಬಹುಪಾಲು ಬಯಲೇ ಆಗಿರುವ ಬೆಲ್ಟು ಒಳ್ಳೆಯದು. ಕರಿದ ತಿಂಡಿಯ ಪುಡಿ ಅದರಲ್ಲಿ ಕೂರುವುದಿಲ್ಲ, ತೊಳೆಯುವುದೂ ಸುಲಭ.

ನೇಯ್ಗೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸುರುಳಿ ತಂತಿಗಳೆಲ್ಲ ಒಂದೇ ಕಡೆಗೆ ತಿರುಚಿಕೊಂಡಿದ್ದರೆ ಬೆಲ್ಟು ಓಡುತ್ತ ಓಡುತ್ತ ಒಂದು ಪಕ್ಕಕ್ಕೆ ಸರಿಯುತ್ತದೆ, ಅಂಚು ಚೌಕಟ್ಟಿಗೆ ಉಜ್ಜುತ್ತದೆ. ಎಡಸುರುಳಿ, ಬಲಸುರುಳಿಗಳನ್ನು ಒಂದಾದ ಮೇಲೊಂದರಂತೆ ಹೆಣೆದಿದ್ದರೆ ಒಂದರ ಎಳೆತವನ್ನು ಮತ್ತೊಂದು ತಡೆಯುತ್ತದೆ. ಬ್ಯಾಲೆನ್ಸ್ಡ್ ವೀವ್ ಎಂದು ಅಂಗಡಿಯವರು ಹೇಳುವುದು ಇದನ್ನೇ. ಆ ಮಾತನ್ನು ನಂಬಿ ಕೊಳ್ಳಬೇಕಾದ್ದಿಲ್ಲ. ಮಾದರಿಯ ತುಂಡನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಕಾಣುತ್ತದೆ.

ಇನ್ನು ಲೋಹ. 'ಎಸ್.ಎಸ್. ಹಾಕಿದರೆ ಚಿಂತೆಯಿಲ್ಲ' ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ತೊಳೆಯುವ, ಕರಿಯುವ, ತಣಿಸುವ ಬೆಲ್ಟುಗಳಿಗೆ ಅದು ನಿಜ. ಬಿಸ್ಕತ್ತಿನ ಓವನ್ನಿಗೆ ಮಾತ್ರ ದೊಡ್ಡ ಕಾರ್ಖಾನೆಗಳೂ ಬಹುಮಟ್ಟಿಗೆ ಸಾದಾ ಕಾರ್ಬನ್ ಉಕ್ಕಿನ ಜಾಲರಿಯನ್ನೇ ಬಳಸುತ್ತವೆಂಬುದನ್ನು ಕೇಳಿ ತಮಗೆ ಆಶ್ಚರ್ಯವಾಗಬಹುದು. ಕಾರಣಗಳು ಎರಡು. ದೋಸೆಯ ಹೆಂಚು ಪಳಗುವ ಹಾಗೆ ಅದು ಜಿಡ್ಡು ಹೀರಿ ಕಪ್ಪಾಗಿ ಪಳಗುತ್ತದೆ, ಕಾವನ್ನು ಚೆನ್ನಾಗಿ ಹಿಡಿದು ಬಿಸ್ಕತ್ತಿನ ತಳಕ್ಕೆ ಕೊಡುತ್ತದೆ. ಎರಡನೆಯದಾಗಿ, ಕಾದಾಗ ಅದು ಹಿಗ್ಗುವುದು ಕಡಿಮೆ. ಕಾವಿನಲ್ಲಿರುವ 10 ಮೀಟರ್ ಬೆಲ್ಟಿನ ಉಷ್ಣತೆ 200 ಡಿಗ್ರಿ ಏರಿತೆನ್ನಿ: ಕಾರ್ಬನ್ ಉಕ್ಕು ಸುಮಾರು 24 ಮಿಲಿಮೀಟರ್ ಹಿಗ್ಗಿದರೆ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಸುಮಾರು 34 ಮಿಲಿಮೀಟರ್ ಹಿಗ್ಗುತ್ತದೆ. ಬಿಗಿಯನ್ನು ತಾನಾಗಿಯೇ ಸರಿಪಡಿಸುವ ತೂಕಗಲ್ಲಿನ ಏರ್ಪಾಡಿಲ್ಲದ ಓವನ್ನಿನಲ್ಲಿ ಈ ವ್ಯತ್ಯಾಸ ಬೆಲ್ಟನ್ನು ಜೋಲುಬೀಳಿಸುತ್ತದೆ. ಬಿಸಿಯಲ್ಲಿ ಬಿಗಿದು ಹಾಗೆಯೇ ಬಿಟ್ಟರೆ, ರಾತ್ರಿ ತಣ್ಣಗಾಗುವಾಗ ಅದು ಕುಗ್ಗಿ ತನ್ನನ್ನೇ ಎಳೆದುಕೊಂಡು ಬೆಸುಗೆಗಳನ್ನು ಸಡಿಲಿಸುತ್ತದೆ.

ಹಾಗೆಂದು ಎಲ್ಲರಿಗೂ ಕಾರ್ಬನ್ ಉಕ್ಕನ್ನು ಶಿಫಾರಸು ಮಾಡಲಾರೆ. ದಿನವೂ ಓಡುವ ಓವನ್ನಿನಲ್ಲಿ ಅದಕ್ಕೆ ತುಕ್ಕು ಹಿಡಿಯಲು ಸಮಯವೇ ಸಿಗುವುದಿಲ್ಲ. ರಂಜಾನ್‌ಗೆ ಒಂದಷ್ಟು, ಕ್ರಿಸ್ಮಸ್‌ಗೆ ಒಂದಷ್ಟು ಎಂದು ಬೇಡಿಕೆ ಬಂದಾಗ ಮಾತ್ರ ಓಡಿಸಿ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವ ಘಟಕಗಳಲ್ಲಿ ಅದು ತುಕ್ಕು ಹಿಡಿಯುತ್ತದೆ. ಅಂಥವರು ಹೆಚ್ಚು ಬೆಲೆ ತೆತ್ತಾದರೂ 304 ದರ್ಜೆಗೇ ಹೋಗುವುದು ಲೇಸು. ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ನೆನೆಸಿದ ಮಾವು, ನಿಂಬೆ ಇವುಗಳನ್ನು ಸಾಗಿಸುವ ಬೆಲ್ಟಿಗೆ 304 ಕೂಡ ಸಾಲದು. ಉಪ್ಪು ಅದರಲ್ಲಿ ಸೂಜಿಮೊನೆಯಂಥ ಗುಳಿಗಳನ್ನು ಕೊರೆಯುತ್ತದೆ. ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿರುವ 316 ಅಲ್ಲಿಗೆ ತಕ್ಕದ್ದು. ಸತುವಿನ ಲೇಪವಿರುವ ಜಿ.ಐ. ತಂತಿ ಅಗ್ಗವೆಂದು ಯಾರಾದರೂ ತೋರಿಸಿದರೆ ಮರುಮಾತಿಲ್ಲದೆ ಬೇಡವೆನ್ನಬೇಕು. ಹುಳಿ ಸತುವನ್ನು ಕರಗಿಸುತ್ತದೆ, ಓವನ್ನಿನ ಕಾವಿಗೂ ಆ ಲೇಪ ನಿಲ್ಲುವುದಿಲ್ಲ. ಕರಿಯುವ ಎಣ್ಣೆಯ ಬಳಿ ತಾಮ್ರ, ಹಿತ್ತಾಳೆಗಳೂ ಸುಳಿಯಬಾರದು. ಎಣ್ಣೆ ಬೇಗ ಕನರುತ್ತದೆ.

304 ಎಂದು ಹೇಳಿ ಕೊಟ್ಟದ್ದು 304 ಹೌದೇ ಎಂದು ತಿಳಿಯುವುದು ಹೇಗೆ? ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸುತ್ತಾರೆ: 'ನೋಡಿ, ಹಿಡಿಯುವುದಿಲ್ಲ, ಅಸಲಿ ಮಾಲು'. ಈ ಪರೀಕ್ಷೆ ಎರಡು ಕಡೆಯಿಂದಲೂ ಮೋಸಹೋಗುತ್ತದೆ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ, ಅಗ್ಗವಾದ, ಬೇಗ ತುಕ್ಕಿಗೆ ತುತ್ತಾಗುವ 202 ದರ್ಜೆಯ ಉಕ್ಕನ್ನೂ ಅಯಸ್ಕಾಂತ ಹಿಡಿಯುವುದಿಲ್ಲ. ಅಸಲಿ 304ನ್ನೇ ತಣ್ಣಗೆ ಎಳೆದು ತಂತಿ ಮಾಡಿದಾಗ ಅದು ಸ್ವಲ್ಪಮಟ್ಟಿಗೆ ಅಯಸ್ಕಾಂತಕ್ಕೆ ಅಂಟುವುದೂ ಉಂಟು. ಆದಕಾರಣ ತಂತಿಯ ಹೀಟ್ ನಂಬರು ನಮೂದಿಸಿರುವ ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಸಂಶಯವಿದ್ದರೆ ಒಂದು ತುಂಡನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು.

ಶಿವಾಜಿನಗರದ ಗುಜರಿಯ ಬಗ್ಗೆ ಒಂದು ಮಾತು. ಆ ಬೀದಿಗಳ ಋಣ ನನ್ನ ಮೇಲೂ ಇದೆ. ಬೇರೆಲ್ಲಿಯೂ ಸಿಗದ ಬೇರಿಂಗು, ಗೇರುಗಳನ್ನು ನಾನು ಅಲ್ಲಿಂದಲೇ ತಂದಿದ್ದೇನೆ. ಮೋಟರು ತನ್ನಿ, ಗೇರ್‌ಬಾಕ್ಸ್ ತನ್ನಿ, ಚೌಕಟ್ಟಿಗೆ ಆ್ಯಂಗಲ್ ತನ್ನಿ; ಬೆಲ್ಟನ್ನು ಮಾತ್ರ ತರಬೇಡಿ. ಇದೇ ಬಗೆಯ ಜಾಲರಿಯನ್ನು ಲೋಹದ ಬಿಡಿಭಾಗಗಳನ್ನು ಕಾಯಿಸಿ ಹದಗೊಳಿಸುವ ಕುಲುಮೆಗಳಲ್ಲಿಯೂ ಬಳಸುತ್ತಾರೆ. ಅಲ್ಲಿ ಸವೆದು ಹೊರಬಿದ್ದ ಬೆಲ್ಟನ್ನು ಆ್ಯಸಿಡ್‌ನಲ್ಲಿ ತೊಳೆದರೆ ಹೊಸದರಂತೆ ಹೊಳೆಯುತ್ತದೆ. ಹೆಣಿಗೆಯ ಸಂದುಗಳಲ್ಲಿ ಕುಳಿತ ಯಂತ್ರದೆಣ್ಣೆಯ ಶೇಷ ಹೋಗಿರುವುದಿಲ್ಲ, ಹಲವು ವರ್ಷ ಕಾದು ಬಳಲಿದ ತಂತಿಗೆ ಕಸುವೂ ಉಳಿದಿರುವುದಿಲ್ಲ. ಪೂರ್ವಚರಿತ್ರೆ ತಿಳಿಯದ ಬೆಲ್ಟಿನ ಮೇಲೆ ಮಕ್ಕಳು ತಿನ್ನುವ ಬಿಸ್ಕತ್ತನ್ನು ಇಡಲಾಗದು.

ಇನ್ನು ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ರಸ್ಕ್ ಘಟಕಕ್ಕೆ ಬೆಲ್ಟಿನ ವಿವರಪತ್ರವನ್ನು ಬರೆದುಕೊಟ್ಟವನು ನಾನು. '16 ಗೇಜ್ ತಂತಿ' ಎಂದು ಬರೆದೆ. ನಮ್ಮಲ್ಲಿ ರೂಢಿಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ 16 ಗೇಜ್ ಎಂದರೆ 1.63 ಮಿಲಿಮೀಟರ್. ನೇಯ್ದವರು ಅಮೆರಿಕದ ಅಳತೆಯನ್ನು ಹಿಡಿದರು. ಅದರಲ್ಲಿ 16 ಗೇಜ್ 1.29 ಮಿಲಿಮೀಟರ್ ಮಾತ್ರ. ಮೂರನೆಯ ಒಂದು ಭಾಗ ಮಿಲಿಮೀಟರಿನಷ್ಟು ವ್ಯತ್ಯಾಸ ಕಣ್ಣಿಗೆ ಕಾಣಲಿಲ್ಲ, ಬೆಲ್ಟು ಬಂದ ದಿನ ಯಾರೂ ಅಳೆಯಲೂ ಇಲ್ಲ. ತಂತಿಯ ಬಲ ಅದರ ದಪ್ಪಕ್ಕಲ್ಲ, ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಅನುಗುಣವಾಗಿರುತ್ತದೆ. ಆ ಲೆಕ್ಕದಲ್ಲಿ ನಾವು ಶೇಕಡ 37ರಷ್ಟು ಬಲವನ್ನು ಕಳೆದುಕೊಂಡಿದ್ದೆವು. ವರ್ಷ ತುಂಬುವುದರೊಳಗೆ ಒಂದು ಬೆಳಿಗ್ಗೆ, ಪಾಳಿಗೆ ಬಂದ ಹೆಣ್ಣುಮಗಳೊಬ್ಬಳು ಬೆಲ್ಟಿನ ಅಂಚಿನಲ್ಲಿ ಎರಡು ಬೆರಳಗಲದಷ್ಟು ತಂತಿ ಇಲ್ಲದಿರುವುದನ್ನು ಕಂಡು ಓವನ್ನನ್ನು ನಿಲ್ಲಿಸಿದಳು. ಯಾರನ್ನೂ ಕೇಳದೆ ನಿಲ್ಲಿಸಿದಳೆಂದು ಮೊದಲು ಬೈಸಿಕೊಂಡದ್ದೂ ಆಯಿತು. ಆಮೇಲೆ ಹುಡುಕಾಟ. ಪುಡಿಯ ತಟ್ಟೆಗಳನ್ನು ಜರಡಿ ಹಿಡಿದೆವು. ಅಯಸ್ಕಾಂತವನ್ನು ಆಡಿಸಿದೆವು, ತಂತಿ ಸ್ಟೇನ್‌ಲೆಸ್ ಆದ್ದರಿಂದ ಅದು ಸಿಕ್ಕೀತೆಂಬ ಭರವಸೆ ಇರಲಿಲ್ಲ. ಹಿಂದಿನ ಸಂಜೆ ಬೆಲ್ಟು ಸರಿಯಾಗಿತ್ತೆಂದು ಹೇಳುವವರಿದ್ದರು, ಬರೆದಿಟ್ಟವರಿರಲಿಲ್ಲ. ಹಾಗಾಗಿ ಎಂದಿನಿಂದ ತಯಾರಾದ ಮಾಲನ್ನು ತಡೆಹಿಡಿಯಬೇಕೆಂಬುದೇ ತಿಳಿಯಲಿಲ್ಲ. ಮೂರು ದಿನಗಳ ಸರಕನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿ ನಾಶ ಮಾಡಿದೆವು. ತುಂಡು ಸಿಗಲಿಲ್ಲ. ಓವನ್ನಿನ ತಳದ ಬೂದಿಯಲ್ಲಿತ್ತೋ, ಯಾರ ಮನೆಗೆ ಹೋಗಿತ್ತೋ, ಇವತ್ತಿಗೂ ನನಗೆ ತಿಳಿಯದು.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 54ನೆಯ ಪ್ರಕರಣದಂತೆ, ಆಹಾರದಲ್ಲಿ ಅನ್ಯವಸ್ತು ಕಂಡುಬಂದರೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಆ ಮೂರು ದಿನ ನಮ್ಮನ್ನು ನಿದ್ದೆಗೆಡಿಸಿದ್ದು ಆ ದಂಡವಲ್ಲ. ರಸ್ಕನ್ನು ಹಾಲಿನಲ್ಲಿ ಅದ್ದಿ ಹಲ್ಲಿಲ್ಲದ ಹಸುಗೂಸುಗಳಿಗೂ ವೃದ್ಧರಿಗೂ ತಿನ್ನಿಸುತ್ತಾರೆ.

ಅಂದಿನಿಂದ ನಾನು ಗೇಜ್ ಎಂಬ ಶಬ್ದವನ್ನೇ ವಿವರಪತ್ರದಲ್ಲಿ ಬರೆಯುವುದಿಲ್ಲ. ಸುರುಳಿ ತಂತಿಯ ದಪ್ಪ, ಅಡ್ಡಕಂಬಿಯ ದಪ್ಪ, ಕಂಬಿಯಿಂದ ಕಂಬಿಗೆ ಇರುವ ಅಂತರ, ಬೆಲ್ಟಿನ ಅಗಲ ಎಲ್ಲವನ್ನೂ ಮಿಲಿಮೀಟರಿನಲ್ಲಿಯೇ ಬರೆಯುತ್ತೇನೆ. ಮಾಲು ಬಂದ ದಿನ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದ ಮೇಲೆಯೇ ಹಣ ಪಾವತಿಗೆ ಒಪ್ಪಿಗೆ ಕೊಡುತ್ತೇನೆ. ತಾವೂ ಹಾಗೆಯೇ ಮಾಡಬೇಕು. ಅಂಚು ಬೆಸುಗೆಯದೋ ಮಡಿಸಿ ಕೊಂಡಿ ಹಾಕಿದ್ದೋ ಎಂಬುದನ್ನೂ, ಬೆಲ್ಟನ್ನು ನುಣುಪು ಡ್ರಮ್ ಎಳೆಯುತ್ತದೋ ಹಲ್ಲುಚಕ್ರ ಎಳೆಯುತ್ತದೋ ಎಂಬುದನ್ನೂ ಬರೆಯಿಸಬೇಕು. ಡ್ರಮ್ ಬೆಲ್ಟನ್ನು ಎಳೆಯುವುದು ಕೇವಲ ಹಿಡಿತದಿಂದ. ಜಿಡ್ಡು ಹತ್ತಿದರೆ ಜಾರುತ್ತದೆ, ಜಾರಿದಾಗ ಬಿಸ್ಕತ್ತು ಸೀಯುತ್ತದೆ. ಬದಲಿ ಸುರುಳಿಗಳನ್ನೂ ಕಂಬಿಗಳನ್ನೂ ಬೆಲ್ಟಿನ ಜೊತೆಯಲ್ಲಿಯೇ ತರಿಸಿಕೊಳ್ಳಬೇಕು. ಒಂದು ಕಡೆ ಹರಿದರೆ ಅಷ್ಟನ್ನೇ ಬಿಚ್ಚಿ ಹೆಣೆಯಬಹುದು. ತೇಪೆಯ ಬೆಸುಗೆಯನ್ನು ನಾನು ಒಪ್ಪುವುದಿಲ್ಲ. ಅದರ ಪಕ್ಕದ ತಂತಿಯೇ ಮುಂದೆ ತುಂಡಾಗುತ್ತದೆ.

ಅನ್ಯಲೋಹ ಪತ್ತೆಮಾಡುವ ಯಂತ್ರವಿದ್ದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೊಳ್ಳುವ ಶಕ್ತಿಯಿದ್ದರೆ ಖಂಡಿತ ಕೊಳ್ಳಿ. ಆದರೆ ಆ ಯಂತ್ರಗಳಿಗೆ ಅತ್ಯಂತ ಕಷ್ಟದ್ದು ಸ್ಟೇನ್‌ಲೆಸ್ ಉಕ್ಕೇ. ಅದರಲ್ಲಿಯೂ ತೆಳುವಾದ ತಂತಿ ಒಂದು ದಿಕ್ಕಿನಲ್ಲಿ ಮಲಗಿದ್ದರೆ ಸಿಕ್ಕುತ್ತದೆ, ಇನ್ನೊಂದು ದಿಕ್ಕಿನಲ್ಲಿದ್ದರೆ ತಪ್ಪಿಸಿಕೊಳ್ಳುತ್ತದೆ. ಕಾರ್ಬನ್ ಉಕ್ಕಿನ ತುಂಡನ್ನಾದರೆ ಸಾಧಾರಣ ಅಯಸ್ಕಾಂತವೇ ಹಿಡಿಯುತ್ತದೆ. ಓವನ್ನಿಗೆ ಕಾರ್ಬನ್ ಉಕ್ಕು ಬೇಕೆನ್ನಲು ಇದು ನನ್ನ ಮಟ್ಟಿಗೆ ಮೂರನೆಯ ಕಾರಣ. ಇವೆಲ್ಲಕ್ಕಿಂತ ಮೊದಲು ಬೇಕಾದುದು ಇನ್ನೂರು ಪುಟದ ಒಂದು ಪುಸ್ತಕ. ಪಾಳಿ ಶುರುವಾಗುವಾಗ ಒಮ್ಮೆ, ಮುಗಿಯುವಾಗ ಒಮ್ಮೆ ಬೆಲ್ಟನ್ನು ಪೂರ್ತಿ ಒಂದು ಸುತ್ತು ನಿಧಾನವಾಗಿ ಓಡಿಸಿ, ಎರಡು ಅಂಚನ್ನೂ ನೋಡಿ, ಸಮಯ ಬರೆದು ಸಹಿ ಹಾಕುವುದು. ತುಂಡಾದ ತಂತಿಯ ಎರಡು ತುದಿಗಳೂ ಕೈಗೆ ಬರುವವರೆಗೆ ಮಾಲು ಹೊರಹೋಗಕೂಡದೆಂದು ಅದರ ಮೊದಲ ಪುಟದಲ್ಲಿಯೇ ಬರೆಯಬೇಕು. ಓವನ್ನನ್ನು ನಿಲ್ಲಿಸುವ ಅಧಿಕಾರ ಬೆಲ್ಟಿನ ಬಳಿ ನಿಂತವರಿಗೆ ಇರಬೇಕು.

ಕರೆಂಟು ಹೋದಾಗಿನ ಪಾಡನ್ನು ಮರೆಯಬಾರದು. ಬೆಲ್ಟು ಓವನ್ನಿನೊಳಗೇ ನಿಂತುಬಿಟ್ಟರೆ ಒಳಗಿನ ಮಾಲು ಸೀದು ಕರಕಲಾಗುವುದು ಹಾಗಿರಲಿ, ಕಾದ ಬೆಲ್ಟು ಉರುಳೆಗಳ ನಡುವೆ ಜೋತು ಅದೇ ಆಕಾರಕ್ಕೆ ನಿಂತುಬಿಡುತ್ತದೆ. ಮೋಟರಿನ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಹ್ಯಾಂಡಲ್ ಇದೆಯೇ ಎಂದು ಕೇಳಬೇಕು. ಇಲ್ಲವೆಂದರೆ ಹಾಕಿಸಿಕೊಡಲು ಹೇಳಬೇಕು. ಬೆಲೆ ಹೆಚ್ಚಾಗುವುದಿಲ್ಲ.

ಹೊಸ ಬೆಲ್ಟಿನ ತಂತಿಗೆ ಎಳೆಯುವಾಗ ಬಳಸಿದ ಸಾಬೂನು, ಎಣ್ಣೆಗಳು ಅಂಟಿರುತ್ತವೆ. ತೊಳೆದು, ಬರಿದಾಗಿ ಕೆಲವು ಗಂಟೆ ಕಾಯಿಸಿ ಓಡಿಸಿ, ಮೊದಲ ಒಬ್ಬೆಯ ಮಾಲನ್ನು ಎಸೆಯಬೇಕು. ಮೊದಲ ಒಬ್ಬೆಯನ್ನು ದೇವರಿಗಿಡುವ ಪದ್ಧತಿಯುಳ್ಳವರು ದಯವಿಟ್ಟು ಎರಡನೆಯದನ್ನು ಇಡಿ.

ಮೇಜಿನ ಮೇಲೆ ಐದು ಬಗೆಯ ಜಾಲರಿಗಳ ಅಂಗೈಯಗಲದ ತುಂಡುಗಳಿವೆ. ಪಕ್ಕದಲ್ಲಿ ಕ್ಯಾಲಿಪರೂ ಇದೆ. ಊಟಕ್ಕೆ ಮೊದಲು ಎಲ್ಲರೂ ಬಂದು, ತಾವು ತಂದಿರುವ ಹಸಿಹಿಟ್ಟನ್ನು ಒಂದೊಂದರ ಮೇಲೂ ಒತ್ತಿ, ಎತ್ತಿ ನೋಡಬೇಕು. ತಂತಿಯನ್ನು ಅಳೆದು ಚೀಟಿಯಲ್ಲಿ ಬರೆಯಬೇಕು. ಅಂಚು ಮುಟ್ಟುವಾಗ ಬೆರಳು ಜೋಪಾನ. ಎರಡನೆಯ ತುಂಡಿನಲ್ಲಿ ಒಂದು ಬೆಸುಗೆಯನ್ನು ಬೇಕೆಂದೇ ಬಿಡಿಸಿಟ್ಟಿದ್ದೇನೆ. ಎಲ್ಲಿ ಎಂದು ಕಂಡವರು ನನಗೆ ತೋರಿಸಿ.